ಪೊಂಟ್ ಹೇಗೆ ಬೊಂಟ್ ಆಯಿತು? ವೆಲ್ಶ್ ಭಾಷೆಯ ಸೇತುವೆ, ಅದರ ಲ್ಯಾಟಿನ್ ಬೇರು

ಕಾರ್ಡಿಫ್_ಕುಂದಾಪ್ರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬ್ರಿಟನ್ನಿನ ವೇಲ್ಸ್ ನಾಡಿನ ಕಾರ್ಡಿಫ್‌ನಲ್ಲಿ ನರ್ಸ್. ಊರು ಕುಂದಾಪುರದ ಹತ್ತಿರ. ನಮ್ಮ ವಾರ್ಡಿಗೆ ಬರುವ ಕೆಲವು ಅಜ್ಜ-ಅಜ್ಜಿಯರಿಗೆ ನೋವು ಜಾಸ್ತಿಯಾದಾಗ ಬಾಯಿಗೆ ಬರುವುದು ವೆಲ್ಶ್ ಮಾತ್ರ. ಅದಕ್ಕೇ ಸಂಜೆ ಕ್ಲಾಸಿಗೆ ಸೇರಿ ಕಲಿಯುತ್ತಿದ್ದೇನೆ.

ಒಂದು ಪದ ತಲೆ ತಿನ್ನುತ್ತಿದೆ. ಪೊಂಟ್, ಅಂದರೆ ಸೇತುವೆ. ಇಲ್ಲಿಂದ ಉತ್ತರಕ್ಕೆ ರೈಲು ಹತ್ತಿದರೆ ಪೊಂಟಪ್ರಿದ್ ಸಿಗುತ್ತದೆ. ಅಲ್ಲಿ ಪ. ಪಶ್ಚಿಮಕ್ಕೆ ಹೋದರೆ ಬ್ರಿಡ್ಜೆಂಡ್. ಬೋರ್ಡಿನಲ್ಲಿ ಅದರ ವೆಲ್ಶ್ ಹೆಸರು ಪೆನ್-ಅ-ಬೊಂಟ್, ಸೇತುವೆಯ ತುದಿ. ಅಲ್ಲಿ ಬ. ಕೌಬ್ರಿಡ್ಜ್ ಊರಿಗೆ ವೆಲ್ಶ್‌ನಲ್ಲಿ ಅ ಬೊಂಟ್-ವೈನ್, ಕಲ್ಲುಸೇತುವೆ. ಅಲ್ಲೂ ಬ. ನಿಘಂಟು ತೆಗೆದು ಬ-ದಲ್ಲಿ ಹುಡುಕಿದರೆ ಪದವೇ ಇಲ್ಲ!

ನಮ್ಮ ಟೀಚರ್ ಹೇಳುವುದಿಷ್ಟು: 'ಅ' ಎಂದರೆ ಇಂಗ್ಲಿಷಿನ 'ದ' ಇದ್ದ ಹಾಗೆ, ಅದರ ಮುಂದೆ ಸ್ತ್ರೀಲಿಂಗದ ಪದ ಬಂದರೆ ಮೊದಲ ಅಕ್ಷರ ಮೆತ್ತಗಾಗುತ್ತದೆ, ಪುಲ್ಲಿಂಗವಾದರೆ ಆಗುವುದಿಲ್ಲ. ನಿಯಮ ಬಾಯಿಪಾಠ ಆಯಿತು. ಆದರೆ ಯಾಕೆ ಹಾಗೆ? ಸ್ತ್ರೀಲಿಂಗಕ್ಕೂ ಮೆತ್ತಗಾಗುವುದಕ್ಕೂ ಏನು ಸಂಬಂಧ?

ಇನ್ನೆರಡು ಸಂಶಯ. ಈ ಪದ ಲ್ಯಾಟಿನ್‌ನ ಪೋನ್ಸ್‌ನಿಂದ ಬಂದದ್ದಂತೆ. ಪೋನ್ಸ್ ಪುಲ್ಲಿಂಗ. ಇಲ್ಲಿ ಸ್ತ್ರೀಲಿಂಗ ಆದದ್ದು ಹೇಗೆ? ಮತ್ತೆ, ನಮ್ಮ ಪಥ, ಪಂಥಗಳಿಗೂ ಇದಕ್ಕೂ ನಂಟು ಇದೆಯೇ, ಅಥವಾ ಸುಮ್ಮನೆ ಕಿವಿಗೆ ಒಂದೇ ಥರ ಕೇಳುತ್ತದೆಯೇ?

ಹಳೇ_ಸೆಮಿನರಿಯವ ಉತ್ತರ:

ಸಿಸ್ಟರ್, ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ನಾನು ಮಂಗಳೂರು ಕಡೆಯವನು, ಹುಡುಗನಾಗಿದ್ದಾಗ ಸೆಮಿನರಿಯಲ್ಲಿ ಲ್ಯಾಟಿನ್ ಕಲಿತವನು. ಪಾದ್ರಿಯಾಗಲಿಲ್ಲ, ಲ್ಯಾಟಿನ್ ಮಾತ್ರ ಬಿಡಲಿಲ್ಲ. ಅದರ ಹಿಂದೆ ಹೋಗಿಯೇ ವೆಲ್ಶ್‌ನ ಚರಿತ್ರೆ ಓದಲು ತೊಡಗಿದ್ದು.

ಮೊದಲು ಪದ ಬಂದ ದಾರಿ. ಲ್ಯಾಟಿನ್‌ನಲ್ಲಿ ಪ್ರಥಮಾ ವಿಭಕ್ತಿ ಪೋನ್ಸ್, ದ್ವಿತೀಯಾ ಪೊಂಟೆಮ್, ಷಷ್ಠಿ ಪೊಂಟಿಸ್. ವೆಲ್ಶ್‌ಗೆ ಬಂದದ್ದು ಪೋನ್ಸ್ ಅಲ್ಲ, ಪೊಂಟೆಮ್. ಆಡುಮಾತಿನ ಲ್ಯಾಟಿನ್‌ನಲ್ಲಿ ಸ-ಕಾರದ ಹಿಂದಿನ ನ-ಕಾರ ಬಿದ್ದುಹೋಗುತ್ತಿತ್ತು. ಶಾಸನಗಳಲ್ಲಿ ಕೋನ್ಸುಲ್ ಎಂಬ ಪದವಿಯನ್ನು ಸಂಕ್ಷೇಪಿಸಿ 'ಕೋಸ್' ಎಂದೇ ಕೆತ್ತುತ್ತಿದ್ದರು. ತೂಕ ಎಂಬರ್ಥದ ಪೆನ್ಸುಮ್ ವೆಲ್ಶ್‌ಗೆ ಹೋಗಿ ಪುಯ್ಸ್ ಆಯಿತು, ನ ಇಲ್ಲವೇ ಇಲ್ಲ. ಪೋನ್ಸ್ ಎಂಬ ರೂಪವೇ ಹೋಗಿದ್ದರೆ ಅದಕ್ಕೂ ಇದೇ ಗತಿ. ಈಗ ಉಳಿದಿರುವ 'ಂಟ್' ಪೊಂಟೆಮ್‌ನದು. ಕೊನೆಯ 'ಎಮ್' ಉದುರಿತು, ಪೊಂಟ್ ನಿಂತಿತು.

ಇದು ಎರವಲು, ಅವರ ಸ್ವಂತದ್ದಲ್ಲ ಎಂದು ಹೇಗೆ ಗೊತ್ತು? ರೋಮನ್ನರು ಬ್ರಿಟನ್ನಿಗೆ ಬಂದದ್ದು ಕ್ರಿ.ಶ. 43ರಲ್ಲಿ, ಅವರ ಆಳ್ವಿಕೆ ಮುಗಿದದ್ದು ಸುಮಾರು 410ರಲ್ಲಿ. ಅವರು ರಸ್ತೆ ಹಾಕಿದಲ್ಲೆಲ್ಲ ಸೇತುವೆ, ಸೇತುವೆ ಇದ್ದಲ್ಲಿ ಅದರದೇ ಹೆಸರಿನ ಊರು. ಇಂದಿನ ನ್ಯೂಕಾಸಲ್ ಅಂದು ಪೋನ್ಸ್ ಏಲಿಯಿ. ಲಂಡನ್ ಹತ್ತಿರದ ಸ್ಟೇನ್ಸ್ ಅಂದು ಪೊಂಟೆಸ್. ಆದರೆ ನಾನು ನೆಚ್ಚುವ ಸಾಕ್ಷಿ ಇತಿಹಾಸದ್ದಲ್ಲ, ಆ ಪ ಅಕ್ಷರದ್ದೇ.

ವೆಲ್ಶ್, ಐರಿಷ್ ಇತ್ಯಾದಿ ಕೆಲ್ಟಿಕ್ ಭಾಷೆಗಳು ತಮ್ಮ ಮೂಲದ ಪ-ಕಾರವನ್ನು ಬಹಳ ಹಿಂದೆಯೇ ಕಳೆದುಕೊಂಡವು. ಸಂಸ್ಕೃತದ ಪಿತಾ, ಲ್ಯಾಟಿನ್‌ನ ಪಾಟೆರ್. ಹಳೆಯ ಐರಿಷ್‌ನಲ್ಲಿ ಅಥಿರ್. ಸಂಸ್ಕೃತದ ಪೂರ್ಣ, ಲ್ಯಾಟಿನ್‌ನ ಪ್ಲೇನುಸ್; ಐರಿಷ್‌ನಲ್ಲಿ ಲಾನ್, ವೆಲ್ಶ್‌ನಲ್ಲೂ ಪ ಇಲ್ಲ. ಮೊದಲು ಪ ಸಡಿಲವಾಗಿ ಹ-ದಂತಾಯಿತು, ಆಮೇಲೆ ಅದೂ ಹೋಯಿತು. ಕನ್ನಡದವರಿಗೆ ಇದು ಹೊಸತಲ್ಲ. ಹಳಗನ್ನಡದ ಪಳ್ಳಿ ನಮ್ಮ ಕಾಲಕ್ಕೆ ಹಳ್ಳಿ, ಮಂಡ್ಯ ಕಡೆಯ ಬಾಯಲ್ಲಿ ಅಳ್ಳಿ. ಪಾಲ್, ಹಾಲು, ಆಲು. ಹಾಗೆ ಪ ಕಳೆದುಕೊಂಡ ಮೇಲೆ ನಾವು ಪುಸ್ತಕ, ಪತ್ರ, ಪಾಠ ಎಂದು ಸಂಸ್ಕೃತದಿಂದ ಪ-ಕಾರದ ಪದಗಳನ್ನು ತುಂಬಿಕೊಂಡೆವು. ವೆಲ್ಶರು ಲ್ಯಾಟಿನ್‌ನಿಂದ ತುಂಬಿಕೊಂಡರು. ಪೊಂಟ್ ಅವರ ಸ್ವಂತದ ಪದವಾಗಿದ್ದರೆ ತಲೆಯ ಪ ಎಂದೋ ಹೋಗಿರುತ್ತಿತ್ತು.

'ಹಾಗಾದರೆ ಪೆನ್ ಎಂಬುದರ ಪ?' ಎಂದು ನೀವು ಕೇಳಬೇಕು. ತಲೆ, ತುದಿ ಎಂಬರ್ಥದ ಪೆನ್ ಅಪ್ಪಟ ಸ್ವದೇಶಿ. ಅದರ ಪ ಹುಟ್ಟಿದ್ದು 'ಕ್ವ' ಧ್ವನಿಯಿಂದ. ಅದೇ ಪದ ಹಳೆಯ ಐರಿಷ್‌ನಲ್ಲಿ ಕೆನ್. ನಾಲ್ಕಕ್ಕೆ ಲ್ಯಾಟಿನ್ ಕ್ವಾಟ್ಟುವೊರ್, ವೆಲ್ಶ್ ಪೆಡ್ವಾರ್. ಹಾಗಾಗಿ ನಿಮ್ಮ ರೈಲ್ವೆ ಸ್ಟೇಷನ್ನಿನ ಪೆನ್-ಅ-ಬೊಂಟ್ ಬೋರ್ಡಿನಲ್ಲಿ ಎರಡು ಬೇರೆ ಬೇರೆ ಮನೆತನದ ಪ-ಗಳಿವೆ. ಒಂದು ಸ್ವಂತದ್ದು, ಇನ್ನೊಂದು ರೋಮನ್ನರದ್ದು. ಎರಡನೆಯದೇ ಬ ಆಗಿ ಕೂತಿದೆ.

ಈಗ ಆ ಬ ವಿಷಯ. ನಿಮ್ಮ ಟೀಚರ್ ಹೇಳಿದ ನಿಯಮ ಸರಿ. ಕಾರಣ ಮಾತ್ರ ಇಂದಿನ ವೆಲ್ಶ್‌ನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಸಾವಿರದೈನೂರು ವರ್ಷ ಹಿಂದೆ ಹೋಗಬೇಕು. ಆಗ ಈ 'ಅ' ಇಷ್ಟು ಚಿಕ್ಕದಾಗಿರಲಿಲ್ಲ. ಪುಲ್ಲಿಂಗಕ್ಕೆ ಸಿಂಡೊಸ್, ಸ್ತ್ರೀಲಿಂಗಕ್ಕೆ ಸಿಂಡಾ ಎಂಬಂಥ ರೂಪಗಳಿದ್ದವು ಎಂದು ಭಾಷಾಶಾಸ್ತ್ರಜ್ಞರು ಪುನಾರಚಿಸುತ್ತಾರೆ. ಸಂಸ್ಕೃತ ಓದಿದವರಿಗೆ ಇದು ಅಕಾರಾಂತ-ಆಕಾರಾಂತದ ಜೋಡಿ ಎಂದು ತಕ್ಷಣ ಹೊಳೆಯುತ್ತದೆ. ಒಂದು ಸ-ಕಾರದಲ್ಲಿ ಮುಗಿಯುತ್ತದೆ, ಇನ್ನೊಂದು ಸ್ವರದಲ್ಲಿ.

ಆ ಕಾಲದ ಬ್ರಿಟನ್ನಿನ ಮಾತಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಬಿದ್ದ ಪ, ಟ, ಕ ಸಡಿಲಗೊಂಡು ಬ, ಡ, ಗ ಆಗುತ್ತಿದ್ದವು. ಪದದ ಒಳಗೂ ಹಾಗೆಯೇ. ಜನ ಎಂಬರ್ಥದ ಲ್ಯಾಟಿನ್ ಪೊಪುಲುಸ್ ವೆಲ್ಶ್‌ಗೆ ಬಂದು ಪೊಬ್ಲ್ ಆಯಿತು. ಮೊದಲ ಪ ಉಳಿಯಿತು, ನಡುವಿನ ಪ ಬ ಆಯಿತು. ಬಿಷಪ್ ಎಂಬರ್ಥದ ಎಪಿಸ್ಕೊಪುಸ್, ಎಸ್ಗೊಬ್ ಆಯಿತು. ಈಗ 'ಸಿಂಡಾ ಪೊಂಟ್...' ಎಂದು ಒಂದೇ ಉಸಿರಿನಲ್ಲಿ ಹೇಳಿ ನೋಡಿ. ಆ ಮತ್ತು ಒ ನಡುವೆ ಪ ಸಿಕ್ಕಿಬಿತ್ತು, ಬ ಆಯಿತು. ಪುಲ್ಲಿಂಗದ ಸಿಂಡೊಸ್ ಮುಂದೆ ಬಂದ ಪದಕ್ಕೆ ಆ ಸ ಅಡ್ಡ ನಿಂತು ಕಾಯಿತು. ಆಮೇಲೆ ಪದಗಳ ಕೊನೆಯ ಅಕ್ಷರಗಳೆಲ್ಲ ಉದುರಿದವು. ಸಿಂಡೊಸ್, ಸಿಂಡಾ ಎರಡೂ ಸವೆದು ಒಂದೇ 'ಅ' ಉಳಿಯಿತು. ಸ್ವರ ಹೋಯಿತು, ಅದು ಪಕ್ಕದ ಪದದ ಮೇಲೆ ಮಾಡಿದ ಕೆಲಸ ಹೋಗಲಿಲ್ಲ. ಹೆಣ್ಣು ಪದ ಎಂಬ ಕಾರಣಕ್ಕೆ ಮೆತ್ತಗಾಗಲಿಲ್ಲ, ಅದರ ಹಿಂದೆ ಸ್ವರ ಇತ್ತು ಎಂಬ ಕಾರಣಕ್ಕೆ ಆಯಿತು.

ನನಗೆ ಇನ್ನೂ ರೋಮಾಂಚನ ತರುವ ಉದಾಹರಣೆ 'ಅವನ ಸೇತುವೆ', 'ಅವಳ ಸೇತುವೆ'. ವೆಲ್ಶ್‌ನಲ್ಲಿ ಅವನ, ಅವಳ ಎರಡಕ್ಕೂ ಒಂದೇ ಪದ, 'ಇ'. ಆದರೆ ಅವನದು ಇ ಬೊಂಟ್, ಅವಳದು ಇ ಫೊಂಟ್. (ಫ ಎಂದರೆ ತುಟಿ-ಹಲ್ಲು ಸೇರಿಸುವ ಫ, 'ಫೋಟೋ'ದಲ್ಲಿರುವಂಥದ್ದು.) ಗಂಡೋ ಹೆಣ್ಣೋ ಎಂಬುದನ್ನು ಸೇತುವೆಯ ಮೊದಲ ಅಕ್ಷರ ಹೇಳಬೇಕು! ಯಾಕೆಂದರೆ ಮೂಲದಲ್ಲಿ 'ಅವನ' ಎಂಬುದು ಎಸ್ಯೊ, 'ಅವಳ' ಎಂಬುದು ಎಸ್ಯಾಸ್. ಸಂಸ್ಕೃತದಲ್ಲಿ ಇವೇ ಅಸ್ಯ, ಅಸ್ಯಾಃ. ಅಸ್ಯ ಸ್ವರಾಂತ, ಅದರಿಂದ ಬ. ಅಸ್ಯಾಃ ವಿಸರ್ಗಾಂತ, ಆ ಸ-ಕಾರ ಪ-ಕ್ಕೆ ಒತ್ತಿಕೊಂಡು ಫ. ನಿಮ್ಮ ವಾರ್ಡಿನ ಅಜ್ಜಿಗೆ ಸಂಸ್ಕೃತದ ವಿಸರ್ಗದ ಸುದ್ದಿಯೇ ಗೊತ್ತಿಲ್ಲದಿರಬಹುದು, ಅದರ ದಾಯಾದಿಯನ್ನು ದಿನವೂ ಉಚ್ಚರಿಸುತ್ತಾರೆ. 'ನನ್ನ' ಎಂಬ ಪದ ಮೂಲದಲ್ಲಿ ನ-ಕಾರಾಂತ, ಆದ್ದರಿಂದ ಅಲ್ಲಿ ಅನುನಾಸಿಕ: ವ ಮ್ಹೊಂಟ್.

ಲಿಂಗ ಬದಲಾದದ್ದು ಯಾಕೆ? ಪೋನ್ಸ್ ಎಂಬ ರೂಪ ನೋಡಿದರೆ ಲಿಂಗ ತಿಳಿಯುವುದಿಲ್ಲ. ಅದೇ ಗುಂಪಿನಲ್ಲಿ ಪರ್ವತ ಎಂಬರ್ಥದ ಮೋನ್ಸ್ ಪುಲ್ಲಿಂಗ, ಹಣೆ ಎಂಬರ್ಥದ ಫ್ರೋನ್ಸ್ ಸ್ತ್ರೀಲಿಂಗ. ಪಕ್ಕದ ವಿಶೇಷಣ ನೋಡಿಯೇ ತಿಳಿಯಬೇಕು. ಅಂಥ ಪದ ಬೇರೆ ಭಾಷೆಗೆ ಹೋದಾಗ ಜೊತೆಯಲ್ಲಿ ವಿಶೇಷಣ ಹೋಗುವುದಿಲ್ಲ. ಲ್ಯಾಟಿನ್‌ನ ಸ್ವಂತ ಮಕ್ಕಳಲ್ಲೇ ಒಮ್ಮತ ಇಲ್ಲ. ಫ್ರೆಂಚ್, ಇಟಾಲಿಯನ್‌ನಲ್ಲಿ ಪುಲ್ಲಿಂಗ, ಪೋರ್ಚುಗೀಸ್, ರೊಮೇನಿಯನ್‌ನಲ್ಲಿ ಸ್ತ್ರೀಲಿಂಗ. ಮೇಲೆ ಹೇಳಿದ ಪೊಪುಲುಸ್ ಕೂಡ ಪುಲ್ಲಿಂಗ, ವೆಲ್ಶ್‌ನ ಪೊಬ್ಲ್ ಸ್ತ್ರೀಲಿಂಗ, ಅ ಬೊಬ್ಲ್.

ಕೊನೆಯದು ಪಥ-ಪಂಥ. ಹೌದು, ನಂಟು ನಿಜ, ರಕ್ತಸಂಬಂಧ. ಲ್ಯಾಟಿನ್‌ನ ಪೊಂಟ್- ಮತ್ತು ಸಂಸ್ಕೃತದ ಪಂಥಾಃ ಒಂದೇ ಮೂಲದವು. 'ಮಹಾಜನೋ ಯೇನ ಗತಃ ಸ ಪಂಥಾಃ' ಎಂಬ ಯಕ್ಷಪ್ರಶ್ನೆಯ ಮಾತು ಎಲ್ಲರಿಗೂ ಗೊತ್ತು. ಆ ಪಂಥಾಃ ತೃತೀಯೆಯಲ್ಲಿ ಪಥಾ ಆಗುತ್ತದೆ. ಗ್ರೀಕರು ಅದೇ ಪದವನ್ನು ಸಮುದ್ರಕ್ಕೆ ಇಟ್ಟರು, ಪೊಂಟೊಸ್. ಹಡಗಿನವರಿಗೆ ಸಮುದ್ರವೇ ದಾರಿ. ರೋಮನ್ನರು ನದಿ ದಾಟುವ ದಾರಿಗೆ ಇಟ್ಟರು. ರೋಮಿನ ಪುರೋಹಿತರಿಗೆ ಪೊಂಟಿಫೆಕ್ಸ್ ಎಂಬ ಬಿರುದು ಇತ್ತು, ಪೋಪರಿಗೆ ಇಂದಿಗೂ ಇದೆ. ಟೈಬರ್ ನದಿಯ ಮೇಲಿನ ಮರದ ಸೇತುವೆ, ಪೋನ್ಸ್ ಸುಬ್ಲಿಕಿಯುಸ್, ಅದನ್ನು ಕಟ್ಟಿ ರಿಪೇರಿ ಮಾಡುತ್ತಿದ್ದವರು ಎಂಬ ಕಾರಣಕ್ಕೆ ಆ ಹೆಸರು ಎಂದು ಪ್ರಾಚೀನ ರೋಮಿನ ವಿದ್ವಾಂಸ ವಾರ್ರೊ ಬರೆದಿದ್ದಾನೆ. ಋಗ್ವೇದದಲ್ಲಿ 'ಪಥಿಕೃತ್' ಎಂಬ ಪದ ಇದೆ, ದಾರಿ ಮಾಡುವವನು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪೊಂಟಿಫೆಕ್ಸ್‌ನ ಪೊಂಟ್- ಸೇತುವೆಗಿಂತ ಹಳೆಯದು, ದಾರಿಯದೇ ಎಂದು ನನಗೆ ಅನಿಸುತ್ತದೆ.

ಮೈಸೂರು_ಕನ್ನಡಮೇಷ್ಟ್ರು ಉತ್ತರ:

ಸರ್, ಇದನ್ನು ಓದಿ ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ನಾಳೆಯೇ ಹೇಳಬೇಕು ಅನಿಸಿತು. ಪ, ಟ, ಕ ಹೋಗಿ ಬ, ಡ, ಗ ಬರುವುದು ನಮ್ಮ ಆದೇಶ ಸಂಧಿಯೇ ಅಲ್ಲವೇ? ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. 13ನೇ ಶತಮಾನದಲ್ಲಿ ಕೇಶಿರಾಜ ಇದಕ್ಕೆ ಸೂತ್ರ ಮಾಡಿದ. ಬೆಮರ್ವನಿ, ಮೇಲ್ವಾಸುಗಳಲ್ಲಿ ಪ ಇನ್ನೂ ಸಡಿಲವಾಗಿ ವ ಆಗುತ್ತದೆ. ಹಾಗಿದ್ದ ಮೇಲೆ ವೆಲ್ಶರದ್ದೂ ನಮ್ಮದೂ ಒಂದೇ ವ್ಯಾಕರಣ ಎನ್ನಬಹುದೇ?

ಹಳೇ_ಸೆಮಿನರಿಯವ ಉತ್ತರ:

ಮೇಷ್ಟ್ರೇ, ಬಾಯಿ ಮಾಡುವ ಕೆಲಸ ಒಂದೇ, ವ್ಯಾಕರಣ ಬೇರೆ. ಸ್ವರದ ಆಸರೆಯಲ್ಲಿ ಕ, ತ, ಪ ಸಡಿಲವಾಗುವುದು ಎಲ್ಲ ಊರಿನ ಬಾಯಿಗೂ ಸಹಜ. ಆದರೆ ನಮ್ಮಲ್ಲಿ 'ಮಳೆ' ಎಂಬುದರ ಕೊನೆಯ ಸ್ವರ ಇಂದಿಗೂ ಕಣ್ಣೆದುರಿಗೆ ಇದೆ. ಎರಡು ಪದ ಸೇರಿ ಸಮಾಸವಾದಾಗ ಮಾತ್ರ ಹೀಗಾಗುತ್ತದೆ. ಗ-ಕಾರ ಬಂದದ್ದರಿಂದ ಲಿಂಗವೋ ವಿಭಕ್ತಿಯೋ ತಿಳಿಯುವುದಿಲ್ಲ. ಅವರಲ್ಲಿ ಸ್ವರ ಹೋಗಿ ಶತಮಾನಗಳಾದವು, ಅದು ಬಿಟ್ಟುಹೋದ ಬ ಈಗ ಲಿಂಗ ಹೇಳುವ ಕೆಲಸಕ್ಕೆ ನಿಂತಿದೆ. ಆದೇಶ ಸಂಧಿಯ ಒಂದೊಂದು ಪೂರ್ವಪದವೂ ಸವೆದುಹೋಗಿ ಬರೀ 'ಗಾಲ', 'ದಾವರೆ' ಉಳಿದು, ಅದರಿಂದಲೇ ಅರ್ಥ ಹಿಡಿಯಬೇಕಾದ ಕನ್ನಡವನ್ನು ಊಹಿಸಿಕೊಳ್ಳಿ. ವೆಲ್ಶ್ ಆ ಸ್ಥಿತಿಗೆ ಬಂದಿದೆ.

ಮಕ್ಕಳಿಗೆ ಹೇಳುವುದಾದರೆ ಒಂದು ಗಾದೆಯನ್ನೂ ಹೇಳಿ: 'ಅ ವೋ ಬೆನ್, ಬಿಡ್ ಬೊಂಟ್'. ತಲೆಯಾಗುವವನು ಸೇತುವೆಯಾಗಲಿ. ಮಧ್ಯಯುಗದ ವೆಲ್ಶ್ ಕಥೆಯೊಂದರಲ್ಲಿ ಬೆಂಡಿಗೈಡ್‌ವ್ರಾನ್ ಎಂಬ ದೈತ್ಯದೇಹದ ರಾಜ ತಂಗಿಯನ್ನು ಬಿಡಿಸಿಕೊಳ್ಳಲು ಐರ್ಲೆಂಡಿಗೆ ದಂಡೆತ್ತಿ ಹೋಗುತ್ತಾನೆ. ನದಿಗೆ ಸೇತುವೆ ಇಲ್ಲ. ತಾನೇ ಅಡ್ಡಲಾಗಿ ಮಲಗುತ್ತಾನೆ, ಬೆನ್ನ ಮೇಲೆ ತಡಿಕೆ ಹಾಸಿ ಸೈನ್ಯ ದಾಟುತ್ತದೆ. ಆಗ ಆಡಿದ ಮಾತು ಇದು. ಸ್ವದೇಶಿ ಪೆನ್, ಪರದೇಶಿ ಪೊಂಟ್, ಎರಡೂ ಒಂದೇ ನಿಯಮಕ್ಕೆ ತಲೆಬಾಗಿ ಬೆನ್, ಬೊಂಟ್ ಆಗಿವೆ. ಲ್ಯಾಟಿನ್ ಪದ ಅವರ ಮನೆಮಗಳಾಯಿತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಬಜ್ಪೆ_ಬಾಬ್ ಉತ್ತರ:

ವೆಲ್ಶ್‌ನಲ್ಲಿ ಶಾಲೆಗೆ ಅಸ್ಗೊಲ್ ಅಂತಾರೆ ಎಂದು ಎಲ್ಲೋ ಓದಿದ್ದೆ. ನಮ್ಮ ಕೊಂಕಣಿಯ ಇಸ್ಕೊಲ್ ಥರವೇ! ಇದೂ ಲ್ಯಾಟಿನ್ನೇ?

ಹಳೇ_ಸೆಮಿನರಿಯವ ಉತ್ತರ:

ಹೌದು ಬಾಬ್. ಲ್ಯಾಟಿನ್‌ನ ಸ್ಕೊಲಾ ಪೋರ್ಚುಗೀಸ್ ಬಾಯಲ್ಲಿ ಎಸ್ಕೊಲಾ ಆಗಿ ನಮ್ಮ ಕೊಂಕಣಿಗೆ ಬಂತು. ಸ-ಕಾರದ ಒತ್ತಕ್ಷರದ ಮುಂದೆ ಒಂದು ಸ್ವರ ಇಟ್ಟುಕೊಳ್ಳುವುದು ವೆಲ್ಶರಿಗೂ ಬೇಕು, ಇಸ್ಕೂಲು ಎನ್ನುವ ನಮ್ಮ ಹಳ್ಳಿಯವರಿಗೂ ಬೇಕು. ವೆಲ್ಶ್‌ನಲ್ಲಿ ಏಣಿಗೂ ಅಸ್ಗೊಲ್ ಎಂದೇ ಹೇಳುತ್ತಾರೆ. ಅದು ಸ್ಕಾಲಾ ಎಂಬ ಬೇರೆ ಪದ. ಲ್ಯಾಟಿನ್‌ನ ದೀರ್ಘ ಆ ಅಲ್ಲಿ ಒ ಆಗುತ್ತದೆ, ಪಾಪ ಎಂಬರ್ಥದ ಪೆಕ್ಕಾಟುಮ್ ಅವರಲ್ಲಿ ಪೆಖೊಡ್ ಆದ ಹಾಗೆ. ಹೀಗೆ ಎರಡು ಪದ ಒಂದಾದವು.

ಕಾರ್ಡಿಫ್_ಕುಂದಾಪ್ರ ಉತ್ತರ:

ಸರ್, ತುಂಬಾ ತುಂಬಾ ಥ್ಯಾಂಕ್ಸ್. ಅಸ್ಯ-ಅಸ್ಯಾಃ ಇನ್ನು ಮರೆಯುವುದಿಲ್ಲ. ಪೊಂಟಪ್ರಿದ್‌ನ ಹಳೇ ಸೇತುವೆ ನೋಡಿ ಬಂದೆ. ವಿಲಿಯಂ ಎಡ್ವರ್ಡ್ಸ್ ಎಂಬ ಗಾರೆ ಕೆಲಸದವರು ಟ್ಯಾಫ್ ನದಿಗೆ 1756ರಲ್ಲಿ ಕಟ್ಟಿ ಮುಗಿಸಿದ್ದು. ಒಂದೇ ಕಮಾನು, 140 ಅಡಿ. ಮೊದಲು ಕಟ್ಟಿದ್ದು ನೆರೆಗೆ ಕೊಚ್ಚಿಹೋಗಿತ್ತಂತೆ, ಇನ್ನೊಂದು ತನ್ನ ಭಾರಕ್ಕೇ ಕುಸಿಯಿತಂತೆ. ಅದಕ್ಕೇ ಇದರಲ್ಲಿ ಎರಡೂ ಬದಿ ಮೂರು ಮೂರು ದುಂಡು ಕಿಂಡಿ ಬಿಟ್ಟು ಕಲ್ಲಿನ ಭಾರ ಇಳಿಸಿದ್ದಾರೆ. ಹತ್ತುವಾಗ ಕಾಲು ನೋಯುವಷ್ಟು ಕಡಿದು. ಊರಿನ ಹೆಸರು ಬಿಡಿಸಿದರೆ ಪೊಂಟ್-ಅ-ಟೀ-ಪ್ರಿದ್, 'ಮಣ್ಣಿನ ಮನೆಯ ಸೇತುವೆ'. ಇಲ್ಲಿ ಪೊಂಟ್‌ನ ಹಿಂದೆ 'ಅ' ಇಲ್ಲ, ಅದಕ್ಕೇ ಪ ಉಳಿದಿದೆ ಎಂದು ನಾನೇ ಕಂಡುಕೊಂಡೆ. ಸರಿ ತಾನೇ?

ಒಂದೇ ಒಂದು ಸಂಶಯ ಉಳಿಯಿತು. ಎರಡು ಸೇತುವೆಗೆ ದುಯ್ ಬೊಂಟ್, ಮೂರಕ್ಕೆ ಟೈರ್ ಪೊಂಟ್. ಎರಡಕ್ಕೆ ಬ, ಮೂರಕ್ಕೆ ಪ ಯಾಕೆ? ಮತ್ತೆ ಸಂಖ್ಯೆ ಬಂದರೂ ಬಹುವಚನದ ಪೊಂಟಿದ್ ಯಾಕೆ ಬರುವುದಿಲ್ಲ?

ಹಳೇ_ಸೆಮಿನರಿಯವ ಉತ್ತರ:

ಸರಿ ಸಿಸ್ಟರ್, ನೂರಕ್ಕೆ ನೂರು ಸರಿ. ಬಹುವಚನದ್ದು ಸುಲಭ. ನಾವು 'ಎರಡು ಸೇತುವೆ ದಾಟಿ ಬಂದೆ' ಎನ್ನುತ್ತೇವಲ್ಲ, ಎಣಿಕೆ ಹೇಳಿದ ಮೇಲೆ 'ಗಳು' ಯಾಕೆ? ಅವರಿಗೂ ಹಾಗೆಯೇ.

ಎರಡು-ಮೂರರ ಉತ್ತರ ಮತ್ತೆ ಸಂಸ್ಕೃತದಲ್ಲಿ ಸಿಗುತ್ತದೆ. ವೆಲ್ಶ್ ಎರಡು, ಮೂರು, ನಾಲ್ಕಕ್ಕೆ ಲಿಂಗಭೇದ ಉಳಿಸಿಕೊಂಡಿದೆ. ಪುಲ್ಲಿಂಗಕ್ಕೆ ದೈ, ಟ್ರೀ, ಪೆಡ್ವಾರ್. ಸ್ತ್ರೀಲಿಂಗಕ್ಕೆ ದುಯ್, ಟೈರ್, ಪೆಡೈರ್. ಸಂಸ್ಕೃತದಲ್ಲಿ ಸ್ತ್ರೀಲಿಂಗಕ್ಕೆ ದ್ವೇ, ತಿಸ್ರಃ, ಚತಸ್ರಃ. ಇವು ಅವೇ ಪದಗಳು. ಲ್ಯಾಟಿನ್ ಮೂರು, ನಾಲ್ಕರ ಈ ಸ್ತ್ರೀಲಿಂಗ ರೂಪಗಳನ್ನು ಕಳೆದುಕೊಂಡಿತು, ವೆಲ್ಶ್ ಇಟ್ಟುಕೊಂಡಿತು. ಈಗ ಕೊನೆ ನೋಡಿ. ದ್ವೇ ಸ್ವರಾಂತ, ಅದರ ಮುಂದಿನ ಪ ಬ ಆಗಲೇಬೇಕು: ದುಯ್ ಬೊಂಟ್. ತಿಸ್ರಃ, ಚತಸ್ರಃ ವಿಸರ್ಗಾಂತ, ಪ ಬಚಾವಾಯಿತು: ಟೈರ್ ಪೊಂಟ್, ಪೆಡೈರ್ ಪೊಂಟ್. ಪುಲ್ಲಿಂಗದ ಟ್ರೀ ಕೂಡ ಮೂಲದಲ್ಲಿ ಸ-ಕಾರಾಂತ. ಅಲ್ಲಿ ಸ ಸುಮ್ಮನೆ ಕಾಯುವುದರಲ್ಲಿ ನಿಲ್ಲಲಿಲ್ಲ, 'ಅವಳ' ಎಂಬುದರಲ್ಲಿ ಮಾಡಿದ ಹಾಗೆ ಪ-ವನ್ನು ಫ ಮಾಡಿತು. ಮೂರು ತಲೆ ಎಂದರೆ ಟ್ರೀ ಫೆನ್.

ಮುಂದಿನ ವಾರ ಕ್ಲಾಸಿನಲ್ಲಿ ಮೆತ್ತಗಾಗುವ ನಿಯಮಗಳ ಪಟ್ಟಿ ಕೊಟ್ಟರೆ ಒಂದೊಂದರ ಪಕ್ಕವೂ ಸಂಸ್ಕೃತದ ರೂಪ ಬರೆದು ನೋಡಿ. ಎಲ್ಲ ಕಡೆ ಹೊಂದುವುದಿಲ್ಲ, ಆಮೇಲಿನ ಕಾಲದಲ್ಲಿ ಹುಟ್ಟಿಕೊಂಡ ನಿಯಮಗಳೂ ಇವೆ. ಹೊಂದದೇ ಇದ್ದದ್ದನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.